ಫರ್ನೇಸ್ ಹೊಸದು, ಹೊಗೆ ಎಲ್ಲಿಗೆ?

ಅಕ್ಟೋಬರ್ ಕೊನೆಯ ವಾರ ಬಂದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳ ವಿಷಯವೇ ಬದಲಾಗುತ್ತದೆ. ಬೇಸಿಗೆ ಪೂರ್ತಿ ಹುಲ್ಲು, ಎ.ಸಿ., ಡೆಕ್ಕಿಗೆ ಯಾವ ಬಣ್ಣ ಅಂತ ಕೇಳುತ್ತಿದ್ದವರು ಈಗ ಫರ್ನೇಸ್ ಬಗ್ಗೆ ಕೇಳುತ್ತಾರೆ. ಕೇಳಲಿ, ನನಗೆ ಖುಷಿಯೇ. ಮಿಷಿಗನ್ನಿನಲ್ಲಿ 26 ವರ್ಷ ಇದೇ ಕೆಲಸ ಮಾಡಿದವನು ನಾನು. ತುಮಕೂರಿನಲ್ಲಿ ಡಿಪ್ಲೊಮಾ ಓದುವಾಗ, ಮನೆ ಬಿಸಿ ಮಾಡೋಕೆ ಒಂದು ಯಂತ್ರ ಬೇಕಾಗುತ್ತದೆ ಅಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಊರಿನಲ್ಲಿ ಕೂತು ಓದುವವರಿಗೆ ಎರಡು ಮಾತು. ಅಮೆರಿಕ, ಕೆನಡಾದ ಚಳಿ ಊರುಗಳ ಮನೆಗಳಲ್ಲಿ ನೆಲಮಾಳಿಗೆ ಇರುತ್ತದೆ. ಇಲ್ಲಿ ಅದಕ್ಕೆ ಬೇಸ್‌ಮೆಂಟ್ ಅಂತಾರೆ. ಅಲ್ಲೊಂದು ಸಣ್ಣ ಬೀರುವಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ ಇರುತ್ತದೆ. ಒಳಗೆ ಗ್ಯಾಸ್ ಉರಿಯುತ್ತದೆ, ಗಾಳಿ ಬಿಸಿಯಾಗುತ್ತದೆ, ಒಂದು ಫ್ಯಾನ್ ಆ ಗಾಳಿಯನ್ನು ಕೋಣೆ ಕೋಣೆಗೂ ತಳ್ಳುತ್ತದೆ. ಹೊಗೆ ಬೇರೆ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಹೋಗಬೇಕು. ಈ ಸಲದ ಪತ್ರಗಳೆಲ್ಲ ಆ ‘ಹೋಗಬೇಕು’ ಬಗ್ಗೆಯೇ ಇವೆ.

ಪ್ರಶ್ನೆ: ಹೋದ ತಿಂಗಳು ಹಳೇ ಫರ್ನೇಸ್ ತೆಗೆಸಿ, ಗ್ಯಾಸಿನ ಬಿಸಿಯಲ್ಲಿ 96 ಪರ್ಸೆಂಟ್ ಮನೆಗೇ ಕೊಡುವಂಥದ್ದು ಹಾಕಿಸಿದೆವು. ಮೊದಲು ಫರ್ನೇಸ್, ವಾಟರ್ ಹೀಟರ್ ಎರಡರ ಹೊಗೆಯೂ ಇಟ್ಟಿಗೆ ಚಿಮಣಿಗೆ ಹೋಗುತ್ತಿತ್ತು. ಈಗ ಫರ್ನೇಸಿಗೆ ಬಿಳಿ ಪ್ಲಾಸ್ಟಿಕ್ ಪೈಪು ಹಾಕಿ ಪಕ್ಕದ ಗೋಡೆಯಿಂದ ಹೊರಗೆ ಬಿಟ್ಟಿದ್ದಾರೆ. ವಾಟರ್ ಹೀಟರ್ ಮಾತ್ರ ಚಿಮಣಿಯಲ್ಲೇ ಇದೆ. ಗೆಳೆಯರೊಬ್ಬರು ಇದು ಸರಿಯಿಲ್ಲ ಅಂತಾರೆ. ಹಾಕಿದವರು ಏನೂ ಆಗಲ್ಲ ಅಂತಾರೆ. ಶನಿವಾರ ಜಾಸ್ತಿ ಅಡುಗೆ ಮಾಡಿದ ದಿನ ನನ್ನ ಹೆಂಡತಿಗೆ ತಲೆನೋವು ಬರುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ ಸರ್?
– ಓದುಗರು, ಕ್ಯಾಂಟನ್, ಮಿಷಿಗನ್

ಇರಬಹುದು. ಅದಕ್ಕೇ ಮೊದಲ ಮಾತು ಮೊದಲೇ ಹೇಳುತ್ತೇನೆ. ಮತ್ತೆ ತಲೆನೋವು ಬಂತು, ಹೊರಗೆ ಹೋದರೆ ಕಡಿಮೆಯಾಯಿತು ಅಂದರೆ ಮಾತ್ರೆ ನುಂಗಿ ಮಲಗಬೇಡಿ. ಎಲ್ಲರೂ ಮನೆಯಿಂದ ಹೊರಗೆ ಬನ್ನಿ, ಹೊರಗೆ ನಿಂತು 911ಕ್ಕೆ ಫೋನ್ ಮಾಡಿ. ಹೊಗೆಯಲ್ಲಿರಬಹುದಾದ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಅಳೆಯಲು ಅಗ್ನಿಶಾಮಕದವರು ಮೀಟರ್ ಹಿಡಿದು ಬರುತ್ತಾರೆ. ಸುಳ್ಳು ಕರೆ ಆಯ್ತಲ್ಲ ಅಂತ ಬೈಯುವುದಿಲ್ಲ.

ಇನ್ನು ನಿಮ್ಮ ಗೆಳೆಯರ ಮಾತು. ಅವರು ಹೇಳಿದ್ದು ಸರಿ. ನಮ್ಮ ಕಸುಬಿನಲ್ಲಿ ಇಂಥ ಹೀಟರಿಗೆ ಒಂದು ಹೆಸರೇ ಇದೆ, ‘ಅನಾಥ ವಾಟರ್ ಹೀಟರ್’. ಆ ಇಟ್ಟಿಗೆ ಚಿಮಣಿಯನ್ನು ಎರಡು ಯಂತ್ರಗಳ ಹೊಗೆಗೆ ಲೆಕ್ಕ ಹಾಕಿ ಕಟ್ಟಿದ್ದು. ಹಳೇ ಫರ್ನೇಸಿನ ಬಿಸಿ ಹೊಗೆ ಆ ಚಿಮಣಿಯನ್ನು ಬೆಚ್ಚಗೆ ಇಡುತ್ತಿತ್ತು. ಬೆಚ್ಚಗಿದ್ದರೆ ಹೊಗೆ ತಾನಾಗಿ ಮೇಲೇರುತ್ತದೆ. ಈಗ ದೊಡ್ಡಣ್ಣ ಮನೆ ಬಿಟ್ಟು ಹೋಗಿದ್ದಾನೆ. ಉಳಿದ ಸಣ್ಣ ಹೀಟರಿನ 40,000 ಬಿ.ಟಿ.ಯು. (ಇಲ್ಲಿ ಬಿಸಿ ಅಳೆಯುವ ಮಾನ, ಯಂತ್ರಗಳಿಗೆ ಗಂಟೆಗೆ ಇಷ್ಟು ಅಂತ ಲೆಕ್ಕ) ಬಿಸಿಗೆ ಅಷ್ಟು ಅಗಲದ ತಣ್ಣನೆಯ ಇಟ್ಟಿಗೆ ಗೂಡನ್ನು ಕಾಯಿಸುವ ಶಕ್ತಿ ಇಲ್ಲ. ಹೊಗೆ ಅರ್ಧ ದಾರಿಯಲ್ಲೇ ತಣ್ಣಗಾಗುತ್ತದೆ. ಅದರಲ್ಲಿರುವ ನೀರಿನ ಹಬೆ ಇಟ್ಟಿಗೆಗೆ ಅಂಟಿ, ಹುಳಿ ನೀರಾಗಿ ಗಾರೆಯನ್ನು ತಿನ್ನುತ್ತದೆ. ಅದಾದರೂ ನಿಧಾನದ ಕಾಯಿಲೆ. ಹೊಗೆ ಮೇಲೇರದೆ ಮನೆಯೊಳಕ್ಕೇ ತಿರುಗುವುದು ಆ ಕ್ಷಣದ ಅಪಾಯ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ನನ್ನ ಮನೆಯಲ್ಲೇ, ನನ್ನ ಕೈಯಿಂದಲೇ ಆದ ತಪ್ಪು. ಊರಿನವರ ಫರ್ನೇಸೆಲ್ಲ ಹಾಕಿ ಮುಗಿಸಿ, ಒಂದು ಭಾನುವಾರ ನನ್ನ ಮನೆಗೂ ಹೊಸದು ಹಾಕಿದೆ. ಚಿಮಣಿ ಕೆಲಸ ಮುಂದಿನ ವಾರ ಅಂದುಕೊಂಡೆ. ಬಡಗಿ ಮನೆಯ ಬಾಗಿಲು ಯಾವತ್ತೂ ಮುರಿದೇ ಇರುತ್ತದಲ್ವಾ, ಹಾಗೆ. ಮುಂದಿನ ವಾರ ಬರಲಿಲ್ಲ, ದೀಪಾವಳಿ ಬಂತು.

ನರಕ ಚತುರ್ದಶಿ. ಮನೆ ತುಂಬ ನೆಂಟರು. ಬೆಳಗ್ಗೆ 5 ಗಂಟೆಯಿಂದ ಎಣ್ಣೆಸ್ನಾನದ ಸಾಲು, ವಾಟರ್ ಹೀಟರ್ ಆರಲೇ ಇಲ್ಲ. ಅಡುಗೆಮನೆಯಲ್ಲಿ ಕಜ್ಜಾಯ ಕರಿಯುತ್ತಿದ್ದರು, ಎಕ್ಸಾಸ್ಟ್ ಫ್ಯಾನ್ ಜೋರಿನಲ್ಲಿತ್ತು. ಒದ್ದೆ ಟವೆಲ್‌ಗಳಿಗೆ ಡ್ರೈಯರ್ ಬೇರೆ. ಹೊರಗೆ ಚಳಿ, ಕಿಟಕಿಗಳೆಲ್ಲ ಬಿಗಿ. ಆಗ ನನ್ನ ಅಕ್ಕನ ಮಗಳು ಬೇಸ್‌ಮೆಂಟಿನಿಂದ ಕೂಗಿದಳು, ‘ಮಾವ, ಕೆಳಗಡೆ ಕಿಟಕಿ ಬೆವತುಬಿಟ್ಟಿದೆ!’

ಕೆಳಗೆ ಯಾರೂ ಸ್ನಾನ ಮಾಡುತ್ತಿರಲಿಲ್ಲ, ಪಾತ್ರೆ ಕುದಿಯುತ್ತಿರಲಿಲ್ಲ. ಹಬೆ ಎಲ್ಲಿಂದ ಬಂತು? ಒಂದು ಲಕ್ಷ ಬಿ.ಟಿ.ಯು. ಗ್ಯಾಸ್ ಉರಿದರೆ ಸುಮಾರು 4 ಲೀಟರ್ ನೀರು ಹಬೆಯಾಗಿ ಬರುತ್ತದೆ. ಅದು ಕಿಟಕಿಗೆ ಅಂಟಿದೆ ಅಂದರೆ ಜೊತೆಗಿದ್ದ ಹೊಗೆಯೂ ಅಲ್ಲೇ ಇದೆ ಅಂತ ಅರ್ಥ. ದೇವರ ಕೋಣೆಯಿಂದ ಹೊತ್ತಿಸಿದ್ದ ಊದಿನಕಡ್ಡಿ ಕಿತ್ತುಕೊಂಡು ಓಡಿದೆ. ಹೀಟರಿನ ತಲೆಯ ಮೇಲೆ ಟೋಪಿಯ ಥರ ಒಂದು ತಗಡು ಇರುತ್ತದೆ, ಅದರ ಸುತ್ತ ಸಂದು. ಊದಿನಕಡ್ಡಿಯನ್ನು ಆ ಸಂದಿನ ಹತ್ತಿರ ಹಿಡಿದರೆ ಹೊಗೆ ಒಳಗೆ ಎಳೆದುಕೊಂಡು ಮೇಲೆ ಹೋಗಬೇಕು. ನನ್ನ ಊದಿನಕಡ್ಡಿಯ ಹೊಗೆ ನೇರ ನನ್ನ ಮುಖಕ್ಕೆ ಬಂತು. ಕೈ ಇಟ್ಟರೆ ಬಿಸಿ ಗಾಳಿ ಬೆರಳಿಗೆ ಹೊಡೆಯಿತು.

ಗ್ಯಾಸ್ ಆರಿಸಿದೆ, ಫ್ಯಾನ್ ಆರಿಸಿದೆ, ಕಿಟಕಿ ತೆರೆದೆ, ಅರ್ಧ ಮೈಗೆ ಎಣ್ಣೆ ಬಳಿದುಕೊಂಡವರನ್ನೂ ಸೇರಿಸಿ ಎಲ್ಲರನ್ನೂ ಅಂಗಳಕ್ಕೆ ಕಳಿಸಿದೆ. ವ್ಯಾನಿನಲ್ಲಿದ್ದ ಮೀಟರ್ ತಂದು ನೋಡಿದರೆ ಕಾರ್ಬನ್ ಮಾನಾಕ್ಸೈಡ್ 22 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 22 ಪಾಲು. ತೀರಾ ಜಾಸ್ತಿ ಅಲ್ಲ. ಆದರೆ ಸೊನ್ನೆ ಇರಬೇಕಿತ್ತು. ಈ ವಿಷಾನಿಲ ಕಂಡರೆ ಕೂಗಲೆಂದೇ ಹಾಕಿದ್ದ ಗೋಡೆಯ ಅಲಾರಂ ಕಮಕ್ ಕಿಮಕ್ ಅಂದಿರಲಿಲ್ಲ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಕಾರಣ ಸರಳ. ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ತಳ್ಳಿದರೆ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಕಿಟಕಿ ಮುಚ್ಚಿದ್ದರೆ ಅದಕ್ಕೆ ಸಲೀಸಾದ ದಾರಿ ಚಿಮಣಿ. ಹೊಗೆ ಮೇಲೆ ಹೋಗುವ ದಾರಿಯಲ್ಲಿ ತಣ್ಣನೆ ಗಾಳಿ ಕೆಳಗಿಳಿಯುತ್ತದೆ. ನಮ್ಮವರ ಮನೆಗಳಲ್ಲಿ ಈ ತೊಂದರೆ ಜಾಸ್ತಿ. ಒಗ್ಗರಣೆ ಘಾಟಿಗೆ ಹೆದರಿ ನಿಮಿಷಕ್ಕೆ 900 ಘನ ಅಡಿ ಎಳೆಯುವ ಫ್ಯಾನ್ ಹಾಕಿಸುತ್ತೇವಲ್ಲ! ಇಲ್ಲಿನ ಮನೆ ಕಟ್ಟುವ ನಿಯಮದ ಪ್ರಕಾರ, ಇಂಥ ಹೀಟರ್ ಇರುವ ಮನೆಯಲ್ಲಿ 400 ಘನ ಅಡಿ ದಾಟುವ ಫ್ಯಾನ್ ಹಾಕಿದರೆ ಹೊರಗಿನ ಗಾಳಿ ಒಳಬರಲು ಬೇರೆ ದಾರಿ ಮಾಡಿಕೊಡಬೇಕು. ಎಷ್ಟು ಮನೆಯಲ್ಲಿ ಮಾಡಿದ್ದಾರೆ ಅಂತ ಮಾತ್ರ ಕೇಳಬೇಡಿ.

ನೀವು ಮಾಡಬೇಕಾದ್ದು ಇಷ್ಟು. ಎಲ್ಲರೂ ಎಚ್ಚರವಾಗಿರುವ ಹೊತ್ತಿನಲ್ಲಿ ಕಿಟಕಿ, ಬಾಗಿಲು ಮುಚ್ಚಿ. ಅಡುಗೆಮನೆ, ಬಚ್ಚಲುಮನೆ ಫ್ಯಾನ್‌ಗಳು, ಡ್ರೈಯರ್ ಎಲ್ಲ ಹಾಕಿ. ಬಿಸಿನೀರಿನ ನಲ್ಲಿ ಬಿಟ್ಟು ಹೀಟರ್ ಹೊತ್ತಿಕೊಳ್ಳುವಂತೆ ಮಾಡಿ. 5 ನಿಮಿಷ ಬಿಟ್ಟು ಊದಿನಕಡ್ಡಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಳ್ಳದಿದ್ದರೆ ಹೀಟರ್ ಆರಿಸಿ, ಕಿಟಕಿ ತೆರೆದು, ಹಾಕಿದವರನ್ನು ಕರೆಯಿರಿ. ಎಳೆದುಕೊಂಡರೂ ಕೆಲಸ ಮುಗಿಯಲಿಲ್ಲ, ಇವತ್ತಿನ ಹವೆಯಲ್ಲಿ ಪಾಸಾಯಿತು ಅಷ್ಟೇ. ಚಿಮಣಿಯೊಳಗೆ ಹೀಟರಿನ ಅಳತೆಗೆ ತಕ್ಕ ಲೋಹದ ಪೈಪು ಇಳಿಸಬೇಕು. ಲೈನರ್ ಅಂತಾರೆ, ನಿಮ್ಮಂಥ ಹೀಟರಿಗೆ ಸಾಮಾನ್ಯವಾಗಿ 4 ಇಂಚಿನದ್ದು. ಇಲ್ಲವೇ ಫ್ಯಾನ್ ಇಟ್ಟು ಹೊಗೆ ತಳ್ಳುವ ಹೀಟರ್. ಅದೂ ಬೇಡ ಅಂದರೆ ಕರೆಂಟಿನದ್ದು. ನಾನು ಕೊನೆಗೆ ಕರೆಂಟಿನದ್ದೇ ಹಾಕಿಸಿದೆ. ಮನೆಯವರ ಮಾತು ಕೇಳಿದ್ದು ಅಂತಲೂ ಬರೆದುಕೊಳ್ಳಿ.

ಪ್ರಶ್ನೆ: ಹಿಮ ಬಿದ್ದ ರಾತ್ರಿ ನಮ್ಮ 90 ಪರ್ಸೆಂಟ್ ಮೇಲಿನ ಫರ್ನೇಸ್ ನಿಂತುಹೋಗುತ್ತದೆ. ಒಳಗೆ ಒಂದು ಕೆಂಪು ದೀಪ ಮಿನುಗುತ್ತದೆ. ಪಕ್ಕದ ಮನೆಯವರು, ‘ಪ್ರೆಶರ್ ಸ್ವಿಚ್ ಕೆಟ್ಟಿದೆ, ಎರಡು ವೈರ್ ಸೇರಿಸಿಬಿಟ್ಟರೆ ಓಡುತ್ತೆ’ ಅಂದರು. ಸೇರಿಸಲಾ?
– ಓದುಗರು, ಬ್ರಾಂಪ್ಟನ್, ಒಂಟಾರಿಯೊ

ಬೇಡ! ನಾಯಿ ಬೊಗಳಿತು ಅಂತ ನಾಯಿಯ ಬಾಯಿ ಕಟ್ಟಿದ ಹಾಗಾಗುತ್ತದೆ. ಕಳ್ಳ ಇನ್ನೂ ಅಂಗಳದಲ್ಲೇ ಇದ್ದಾನೆ.

ಫರ್ನೇಸ್ ಹೊತ್ತಿಕೊಳ್ಳುವ ಮುಂಚೆ ಒಂದು ಸಣ್ಣ ಫ್ಯಾನ್ ತಿರುಗಿ ಹೊಗೆಯ ದಾರಿಯಲ್ಲಿ ಗಾಳಿ ಎಳೆಯುತ್ತದೆ. ಸರಿಯಾಗಿ ಎಳೆಯುತ್ತಿದೆ ಅಂತ ಪ್ರೆಶರ್ ಸ್ವಿಚ್ ಒಪ್ಪಿದ ಮೇಲೇ ಗ್ಯಾಸ್ ಬಿಡುತ್ತದೆ. ದಾರಿ ಕಟ್ಟಿದ್ದರೆ ಸ್ವಿಚ್ ಒಪ್ಪುವುದಿಲ್ಲ. ಅದು ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ. ನೂರಕ್ಕೆ ತೊಂಬತ್ತು ಸಲ ನಾನು ನೋಡಿದ್ದು ಹೀಗೇ.

ಮೊದಲು ಟಾರ್ಚ್ ಹಿಡಿದು ಹೊರಗೆ ಹೋಗಿ. ಗೋಡೆಯಿಂದ ಹೊರಬಂದ ಎರಡು ಬಿಳಿ ಪೈಪುಗಳನ್ನು ನೋಡಿ. ಒಂದು ಗಾಳಿ ತರುವುದು, ಒಂದು ಹೊಗೆ ಬಿಡುವುದು. ಹಿಮ ಮುಚ್ಚಿದ್ದರೆ ಫರ್ನೇಸ್ ಆರಿಸಿ ಕೈಯಿಂದ ಬಿಡಿಸಿ. ಗುದ್ದಲಿಯಿಂದ ಹೊಡೆದು ಪೈಪು ಮುರಿಯಬೇಡಿ, ಒಬ್ಬರು ಹಾಗೇ ಮಾಡಿದ್ದರು. ಪೈಪಿನ ಬಾಯಿ ನೆಲದಿಂದ ಅಲ್ಲ, ನಿಮ್ಮೂರಲ್ಲಿ ಕಟ್ಟುವ ಹಿಮದ ಮಟ್ಟದಿಂದ ಕಡೇಪಕ್ಷ 12 ಇಂಚು ಮೇಲಿರಬೇಕು. ಬೇಸಿಗೆಯಲ್ಲಿ ಹಾಕಿದವರು ಇದನ್ನು ಮರೆಯುತ್ತಾರೆ. ಹುಲ್ಲು ನೋಡಿ ಅಳತೆ ಹಿಡಿಯುತ್ತಾರೆ.

ಹೊರಗೆ ಸರಿ ಇದ್ದರೆ ಒಳಗೆ ಕಿವಿ ಕೊಡಿ. ಫರ್ನೇಸ್ ನಿಲ್ಲುವ ಮುಂಚೆ ಪೈಪಿನಲ್ಲಿ ಹುಕ್ಕಾ ಸೇದಿದ ಹಾಗೆ ಗುಳುಗುಳು ಸದ್ದು ಬರುತ್ತದೆಯಾ? ಹಾಗಿದ್ದರೆ ಎಲ್ಲೋ ನೀರು ನಿಂತಿದೆ. ನಿಮ್ಮದು 90 ಪರ್ಸೆಂಟ್ ಮೇಲಿನ ಫರ್ನೇಸ್ ಆದ್ದರಿಂದ ಹೊಗೆಯಲ್ಲಿರುವ ಹಬೆ ಪೈಪಿನಲ್ಲೇ ನೀರಾಗುತ್ತದೆ. ಅದು ವಾಪಸ್ ಫರ್ನೇಸಿಗೆ ಹರಿದು ಮೋರಿಗೆ ಹೋಗಬೇಕು. ಅದಕ್ಕೆ ಪೈಪು ಪ್ರತಿ ಅಡಿಗೆ ಕಾಲು ಇಂಚು ಫರ್ನೇಸ್ ಕಡೆಗೆ ಇಳಿಜಾರಾಗಿರಬೇಕು. ಕೊಂಡಿ ಸಡಿಲವಾಗಿ ಪೈಪು ನಡುವೆ ಜೋತುಬಿದ್ದರೆ ಆ ಜಾಗದಲ್ಲಿ ಕೆರೆ! ಇದನ್ನು ಸರಿಮಾಡಲು ಒಂಟಾರಿಯೊದ ಸುರಕ್ಷತಾ ಸಂಸ್ಥೆ ಟಿ.ಎಸ್.ಎಸ್.ಎ.ಯ ಪರವಾನಗಿ ಇರುವ ಗ್ಯಾಸ್ ಟೆಕ್ನೀಶಿಯನ್ನನ್ನೇ ಕರೆಯಿರಿ. ಪೈಪು ಬದಲಾಯಿಸಿದರೆ ಅದರ ಮೇಲೆ ಎಸ್636 ಅಂತ ಅಚ್ಚಾಗಿದೆಯಾ ನೋಡಿ. ಕೆನಡಾದಲ್ಲಿ ಹೊಗೆಗೆ ಆ ಪೈಪೇ ಆಗಬೇಕು, ನೀರಿನ ಪಿವಿಸಿ ಪೈಪು ನಡೆಯುವುದಿಲ್ಲ.

ಪ್ರಶ್ನೆ: ನಾನೂ ಮೆಕ್ಯಾನಿಕಲ್ ಎಂಜಿನಿಯರ್. ವಿಡಿಯೊ ನೋಡಿದ್ದೇನೆ. ಭಾಮೈದ ಸಹಾಯಕ್ಕೆ ಇದ್ದಾನೆ. ಫರ್ನೇಸ್ ನಾವೇ ಹಾಕಿಕೊಳ್ಳಬಹುದಾ ಅಣ್ಣ?
– ಓದುಗರು, ಎಡಿಸನ್, ನ್ಯೂಜೆರ್ಸಿ

ಭಾಮೈದನ ಕೈಲಿ ಹಳೇದನ್ನು ಮೆಟ್ಟಿಲು ಹತ್ತಿಸಿ ತಮ್ಮಾ, ಅದು ಸರಿಯಾದ ಕೆಲಸ.

ಪೆಟ್ಟಿಗೆ ಕೂರಿಸುವುದು ಕಷ್ಟವಲ್ಲ. ಆಮೇಲಿನದ್ದು ವಿಡಿಯೊದಲ್ಲಿ ಕಾಣುವುದಿಲ್ಲ. ಗ್ಯಾಸಿನ ಒತ್ತಡ ಅಳೆಯಬೇಕು, ನ್ಯಾಚುರಲ್ ಗ್ಯಾಸಿಗೆ ಸಾಮಾನ್ಯವಾಗಿ 3.5 ಇಂಚು ನೀರನ್ನು ಮೇಲೆತ್ತುವಷ್ಟು ಒತ್ತಡ. ಹೊಗೆಯ ಪೈಪಿಗೆ ಮೀಟರಿನ ಕಡ್ಡಿ ತೂರಿಸಿ ಉರಿ ಸರಿಯಿದೆಯಾ ನೋಡಬೇಕು. ಗ್ಯಾಸ್ ಪೈಪಿನ ಪ್ರತಿ ಕೀಲಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯಾ ನೋಡಬೇಕು. ಇಲ್ಲಿ ಕಡ್ಡಿ ಗೀರಿ ನೋಡುವ ಶೂರರೂ ಇದ್ದಾರೆ, ಅವರ ಬಗ್ಗೆ ಬರೆಯುವುದಿಲ್ಲ.

ಒಂದು ಮನೆ ನೆನಪಾಗುತ್ತದೆ. ಕೆಲಸ ಬಲು ಅಚ್ಚುಕಟ್ಟು, ಪೈಪೆಲ್ಲ ಗೆರೆ ಎಳೆದ ಹಾಗೆ. ಪಿವಿಸಿ ಪೈಪು ಅಂಟಿಸುವ ಮುಂಚೆ ನೇರಳೆ ಬಣ್ಣದ ಪ್ರೈಮರ್ ಹಚ್ಚುತ್ತೇವೆ. ಆ ಬಣ್ಣ ಪ್ರತಿ ಕೀಲಿನಲ್ಲೂ ಉಂಗುರದ ಹಾಗೆ ಕಾಣುತ್ತದೆ. ಆ ಮನೆಯಲ್ಲಿ ಏಳು ಕೀಲುಗಳಲ್ಲಿ ಉಂಗುರ ಇತ್ತು, ಎಂಟನೆಯದು ಬೆಳ್ಳಗಿತ್ತು. ಅಳತೆ ನೋಡೋಕೆ ಸುಮ್ನೆ ಸಿಕ್ಕಿಸಿದ್ದು, ಅಂಟು ಹಾಕುವುದು ಮರೆತುಹೋಗಿದೆ. ಎರಡು ಬೆರಳಲ್ಲಿ ಎಳೆದೆ, ಕೈಗೆ ಬಂತು. ಹೊಸ ಫರ್ನೇಸಿನಲ್ಲಿ ಹೊಗೆಯನ್ನು ಫ್ಯಾನ್ ತಳ್ಳುವುದರಿಂದ ಸಂದು ಸಿಕ್ಕಿದರೆ ಹೊಗೆ ಹೊರಕ್ಕೆ ಚಿಮ್ಮುತ್ತದೆ. ಆ ಬೆಳ್ಳನೆಯ ಕೀಲು ಮಕ್ಕಳು ಆಟ ಆಡುವ ಜಾಗದ ತಲೆಯ ಮೇಲಿತ್ತು. ಹಾಕಿದ್ದು ಕಸುಬುದಾರರೇ. ಆದರೆ ಪರ್ಮಿಟ್ ತೆಗೆದಿರಲಿಲ್ಲ, ಹಾಗಾಗಿ ಇನ್‌ಸ್ಪೆಕ್ಟರ್ ಬಂದು ನೋಡಿರಲಿಲ್ಲ. ‘ಪರ್ಮಿಟ್ ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡ್ಕೊಡ್ತೀನಿ’ ಅನ್ನುವವರಿಗೆ ಬಾಗಿಲು ತೋರಿಸಿ. ನಿಮ್ಮ ಪಾಲಿಗೆ ಫಿಲ್ಟರ್ ಬದಲಾಯಿಸುವುದು, ಪೈಪಿನ ಬಾಯಿ ಚೊಕ್ಕಟವಾಗಿಡುವುದು, ನೇರಳೆ ಉಂಗುರ ಎಣಿಸುವುದು.

ಪ್ರಶ್ನೆ: ಬೇಸ್‌ಮೆಂಟಿನಲ್ಲಿ ಹೋಮ್ ಥಿಯೇಟರ್ ಮಾಡಿಸುತ್ತಿದ್ದೇವೆ. ಫರ್ನೇಸ್ ಸದ್ದು ಬರಬಾರದು ಅಂತ ಅದರ ಸುತ್ತ 6 ಅಡಿಗೆ 8 ಅಡಿ ಕೋಣೆ ಕಟ್ಟಿ, ಬಿಗಿ ಬಾಗಿಲು ಹಾಕಿಸುವ ಯೋಚನೆ. ಹಳೇ 80 ಪರ್ಸೆಂಟ್ ಫರ್ನೇಸ್, 80,000 ಬಿ.ಟಿ.ಯು. ಪಕ್ಕದಲ್ಲಿ 40,000ದ ವಾಟರ್ ಹೀಟರ್.
– ಓದುಗರು, ನೇಪರ್‌ವಿಲ್, ಇಲಿನಾಯ್

ಲೆಕ್ಕ ಮಾಡೋಣ ಅಮ್ಮ. ಉರಿಯುವ ಪ್ರತಿ 1,000 ಬಿ.ಟಿ.ಯು.ಗೆ 50 ಘನ ಅಡಿ ಜಾಗದ ಗಾಳಿ ಬೇಕು. ನಿಮ್ಮದು ಒಟ್ಟು 1,20,000. ಅಂದರೆ 6,000 ಘನ ಅಡಿ. 25 ಅಡಿಗೆ 30 ಅಡಿ, 8 ಅಡಿ ಎತ್ತರದ ಒಂದು ಹಾಲಿನಷ್ಟು ಜಾಗ. ನೀವು ಕೊಡುತ್ತಿರುವುದು 384 ಘನ ಅಡಿ!

ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟಾಗ ನಮ್ಮಜ್ಜಿ ಬಾಗಿಲು ಪೂರ್ತಿ ಮುಚ್ಚಲು ಬಿಡುತ್ತಿರಲಿಲ್ಲ. ‘ಕೆಂಡಕ್ಕೂ ಉಸಿರು ಬೇಕು, ಮಗೂಗೂ ಉಸಿರು ಬೇಕು’ ಅನ್ನುತ್ತಿದ್ದಳು. ಗಾಳಿ ಸಾಕಷ್ಟು ಸಿಕ್ಕರೆ ಉರಿ ನೀಲಿ, ಹೊಗೆಯಲ್ಲಿ ಬಹುಪಾಲು ನೀರಿನ ಹಬೆ ಮತ್ತು ಇಂಗಾಲದ ಡೈಆಕ್ಸೈಡ್. ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಿಗಿಯಲ್ಲಿ ಅಂಟಿಕೊಳ್ಳುತ್ತದೆ.

ಕೋಣೆ ಕಟ್ಟಿ, ಆದರೆ ಉಳಿದ ಬೇಸ್‌ಮೆಂಟಿಗೆ ಎರಡು ತೂತು ಬಿಡಿ. ಒಂದು ಚಾವಣಿಯಿಂದ 12 ಇಂಚಿನೊಳಗೆ, ಇನ್ನೊಂದು ನೆಲದಿಂದ 12 ಇಂಚಿನೊಳಗೆ. ಪ್ರತಿ 1,000 ಬಿ.ಟಿ.ಯು.ಗೆ ಒಂದು ಚದರ ಇಂಚು, ಅಂದರೆ ಒಂದೊಂದೂ 120 ಚದರ ಇಂಚು. ಮರದ ಜಾಲರಿ ಚೆಂದ ಅಂತ ಹಾಕಿದರೆ ಕಾಲು ಭಾಗ ಮಾತ್ರ ಗಾಳಿ ಹಾಯುತ್ತದೆ ಅಂತ ಲೆಕ್ಕ ಹಿಡಿಯಬೇಕು, ತೂತು ನಾಲ್ಕು ಪಟ್ಟು ದೊಡ್ಡದಾಗಬೇಕು. ಕೋಣೆಯ ಆಚೆಯ ಜಾಗವೂ ಸೇರಿ 6,000 ಘನ ಅಡಿ ಆಗಬೇಕು ಅನ್ನುವುದು ಮರೆಯಬೇಡಿ. ಥಿಯೇಟರಿಗೂ ಬಿಗಿ ಬಾಗಿಲು ಹಾಕಿದರೆ ಲೆಕ್ಕ ಮತ್ತೆ ತಪ್ಪುತ್ತದೆ. ಸದ್ದೇ ತೊಂದರೆ ಅಂದರೆ, ಹೊರಗಿನ ಗಾಳಿಯನ್ನೇ ಪೈಪಿನಲ್ಲಿ ತಂದುಕೊಳ್ಳುವ ಹೊಸ ಫರ್ನೇಸ್ ಹಾಕಿಸಿ. ಹಾಕಿಸಿದ ದಿನ ಕ್ಯಾಂಟನ್ ಓದುಗರಿಗೆ ಕೊಟ್ಟ ಉತ್ತರ ಮತ್ತೊಮ್ಮೆ ಓದಿ. ಆ ಕೋಣೆಯಲ್ಲಿ ಬಣ್ಣದ ಡಬ್ಬ, ಥಿನ್ನರ್, ಬ್ಲೀಚ್ ಇಡಬೇಡಿ.

ಪ್ರಶ್ನೆ: ಅಲಾರಂ ಇದೆಯಲ್ಲ, ಅಷ್ಟು ಸಾಲದಾ?
– ಹೆಸರು, ಊರು ಎರಡೂ ಬರೆದಿಲ್ಲ

ಬೇಕೇ ಬೇಕು, ಆದರೆ ಅದರ ಮಿತಿ ತಿಳಿದಿರಲಿ. ಇಲ್ಲಿನ ಮಾನದಂಡದ ಪ್ರಕಾರ ಅಲಾರಂ 70 ಪಿಪಿಎಂ ಇದ್ದರೆ 1ರಿಂದ 4 ಗಂಟೆಯೊಳಗೆ ಕೂಗಬೇಕು. 400 ಇದ್ದರೆ 4ರಿಂದ 15 ನಿಮಿಷದೊಳಗೆ. ನಮ್ಮನೆಯ 22ಕ್ಕೆ ಅದು ಬಾಯಿ ಬಿಡದೆ ಇದ್ದದ್ದು ಇದಕ್ಕೇ. ಪ್ರತಿ ಮಹಡಿಯಲ್ಲಿ ಒಂದು, ಮಲಗುವ ಕೋಣೆಗಳ ಹೊರಗೆ ಒಂದು ಇರಲಿ. ನಾಲ್ಕು ಸಲ ಕೂಗಿ ನಿಂತು ಮತ್ತೆ ನಾಲ್ಕು ಸಲ ಕೂಗಿದರೆ ಹೊರಗೆ ಓಡಿ. ಆಗೊಮ್ಮೆ ಈಗೊಮ್ಮೆ ಒಂದೇ ಚಿಲಿಪಿಲಿ ಅಂದರೆ ಬ್ಯಾಟರಿ ಅಥವಾ ಅಲಾರಮ್ಮಿನ ಆಯುಷ್ಯ ಮುಗಿದಿದೆ. ಹಿಂದೆ ತಿರುಗಿಸಿ ತಾರೀಕು ನೋಡಿ.

ಪ್ರಶ್ನೆ: ಮೈಸೂರಿನಲ್ಲಿ ಅಪ್ಪ ಅಮ್ಮ ಇಬ್ಬರೇ. ಅವರ ಬಚ್ಚಲುಮನೆಯೊಳಗೇ ಗ್ಯಾಸ್ ಗೀಸರ್ ಇದೆ. ಚಳಿ, ಸೊಳ್ಳೆ ಅಂತ ಅಮ್ಮ ವೆಂಟಿಲೇಟರಿಗೆ ರಟ್ಟು ಹೊಡೆಸಿದ್ದಾರೆ. ಅದೂ ಇದೇ ಅಪಾಯನಾ?
– ಓದುಗರು, ಆಸ್ಟಿನ್, ಟೆಕ್ಸಾಸ್

ಇದೇ ಅಪಾಯ, ಇನ್ನೂ ಹತ್ತಿರದಿಂದ. ಇಲ್ಲಿನ ಫರ್ನೇಸಿಗೆ ಕೆಟ್ಟದೋ ಒಳ್ಳೆಯದೋ ಒಂದು ಪೈಪು ಇರುತ್ತದೆ. ಅಂಥ ಸಣ್ಣ ಗೀಸರುಗಳಲ್ಲಿ ಎಷ್ಟೋ ಸಲ ಹೊಗೆಗೆ ಪೈಪೇ ಇರುವುದಿಲ್ಲ, ತಲೆಯ ಮೇಲಿನ ಸೀಳುಗಳಿಂದ ನೇರ ಕೋಣೆಗೆ ಬರುತ್ತದೆ. ಕೋಣೆ 5 ಅಡಿಗೆ 7 ಅಡಿ, ಬಾಗಿಲಿಗೆ ಚಿಲಕ, ವೆಂಟಿಲೇಟರಿಗೆ ರಟ್ಟು. ಸ್ನಾನದ ಮನೆಯಲ್ಲಿ ತಲೆ ಸುತ್ತಿ ಬಿದ್ದವರು, ಫಿಟ್ಸ್ ಬಂದವರು ಆಸ್ಪತ್ರೆಗೆ ಎಷ್ಟು ಸಲ ಬಂದಿದ್ದಾರೆ ಅಂದರೆ, ನಮ್ಮ ದೇಶದ ನರರೋಗ ವೈದ್ಯರು ಅದಕ್ಕೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಅಂತ ಹೆಸರೇ ಇಟ್ಟಿದ್ದಾರೆ.

ಇವತ್ತೇ ಫೋನ್ ಮಾಡಿ ರಟ್ಟು ಕೀಳಿಸಿ. ಪ್ಲಂಬರ್ ಬರುವವರೆಗೆ ಹೀಗೆ ಮಾಡಲಿ: ಬಾಗಿಲು ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಲಿ. ಒಳಗಿನಿಂದ ಚಿಲಕ ಬೇಡ, ಮನೆಯಲ್ಲಿ ಇಬ್ಬರೇ ತಾನೇ. ಆಮೇಲೆ ಗೀಸರನ್ನು ಬಚ್ಚಲಿನಿಂದ ಕಿತ್ತು ಹಿತ್ತಲ ಕಡೆಯ ಹೊರಗೋಡೆಗೆ, ಗಾಳಿ ಆಡುವ ಕಡೆ ಹಾಕಿಸಿ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಸಿಲಿಂಡರೂ ಹೊರಗೇ, ನೆಟ್ಟಗೆ ನಿಂತಿರಲಿ. ಎಲ್.ಪಿ.ಜಿ. ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಪಕ್ಕದಲ್ಲಿ ಮೋರಿ, ಸಂಪು ಇಲ್ಲದ ಜಾಗ ನೋಡಿ.

ಅಮ್ಮ ‘ಇಷ್ಟು ವರ್ಷ ಏನೂ ಆಗಿಲ್ಲ’ ಅನ್ನುತ್ತಾರೆ. ನಮ್ಮಕ್ಕನೂ ಅಂದಿದ್ದಳು. ವಾದ ಮಾಡಬೇಡಿ. ಪ್ಲಂಬರಿಗೆ ನೀವೇ ದುಡ್ಡು ಕಳಿಸಿ, ದಿನ ಗೊತ್ತುಮಾಡಿ. ಕೆಲಸ ಮುಗಿದ ಮೇಲೆ ಅಪ್ಪನ ಕೈಲಿ ಒಂದು ಫೋಟೊ ತೆಗೆಸಿ ತರಿಸಿಕೊಳ್ಳಿ. ಗೀಸರ್ ಹತ್ತಿರದ್ದಲ್ಲ, ಹತ್ತು ಹೆಜ್ಜೆ ಹಿಂದೆ ನಿಂತು ಸುತ್ತಲಿನ ಗೋಡೆ, ಕಿಟಕಿ ಎಲ್ಲ ಕಾಣೋ ಹಾಗೆ ತೆಗೆಯಲಿ. ನನಗೂ ಕಳಿಸಿ, ನೋಡಿ ಹೇಳುತ್ತೇನೆ.